ಹಳೆಯ ಬೀಟಲ್ ಎಂಜಿನ್‌ಗೆ ಯಾವ ಆಯಿಲ್ ಪಂಪ್?

ಪ್ರಶ್ನೆ: ನನ್ನ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ 1600 ಸಿಸಿ ಎಂಜಿನ್ ಪೂರ್ತಿ ಬಿಚ್ಚಿಟ್ಟಿದ್ದೇನೆ. ಬಿಚ್ಚುವ ಮುಂಚೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿಣುಕುತ್ತಿತ್ತು. ಈಗ ಹೊಸ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕುತ್ತಿದ್ದೇನೆ, ಅದರ ಗೇರ್ ಬೋಲ್ಟ್ ಹಾಕಿ ಕೂರಿಸುವಂಥದ್ದು. ಹೊರಗಡೆ ಒಂದು ಆಯಿಲ್ ಫಿಲ್ಟರ್ ಹಾಕುವ ಆಸೆಯೂ ಇದೆ. ಒಬ್ಬರು 30 ಎಂಎಂ ಪಂಪ್ ಹಾಕಲೇಬೇಕು ಅಂತಾರೆ. ಇನ್ನೊಬ್ಬರು ಹಳೆಯದೇ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಎಂಜಿನ್‌ಗೆ 26 ಎಂಎಂ ಅಗಲದ ಗೇರ್ ಇರುವ, ಅಲ್ಯೂಮಿನಿಯಂ ಬಾಡಿಯ, ನಿಮ್ಮ ಹೊಸ ಕ್ಯಾಮ್‌ಗೆ ಹೊಂದುವ ಪಂಪ್ ಸಾಕು. ಅದನ್ನು ಬಿಗಿಯಾಗಿ ಹೊಂದಿಸಿ ಕೂರಿಸಿದರೆ ಸಡಿಲವಾಗಿ ಕೂತ 30 ಎಂಎಂ ಪಂಪ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು. ಪಂಪ್ ಕೊಳ್ಳುವ ಮುಂಚೆ ನೀವು ಅಳೆದು ನೋಡಬೇಕಾದದ್ದು ಹಲವು ಇವೆ.

ಮೊದಲು ಆ ಮಿಣುಕುವ ದೀಪದ ವಿಷಯ. ಪಂಪ್ ಒತ್ತಡವನ್ನು ಹುಟ್ಟಿಸುವುದಿಲ್ಲ. ಅದು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಎಣ್ಣೆ ಬೇರಿಂಗ್‌ಗಳ ಸಣ್ಣ ಸಂದುಗಳಲ್ಲಿ ತೂರಿ ಹೊರಬರಲು ಹೆಣಗಾಡುವಾಗ ಒತ್ತಡ ಹುಟ್ಟುತ್ತದೆ. ಸಂದು ದೊಡ್ಡದಾದರೆ ಎಣ್ಣೆ ಸಲೀಸಾಗಿ ಸೋರಿಹೋಗುತ್ತದೆ, ಒತ್ತಡ ಬೀಳುತ್ತದೆ. ಹಾಗಾಗಿ ನಿಮ್ಮ ದೀಪ ಮಿಣುಕಿದ್ದಕ್ಕೆ ಪಂಪ್ ಒಂದೇ ಕಾರಣ ಇರಲಿಕ್ಕಿಲ್ಲ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಕೂರುವ ಮೇನ್ ಬೇರಿಂಗ್‌ಗಳನ್ನು ಅಳೆದಿರಾ? ಈ ಎಂಜಿನ್‌ನಲ್ಲಿ 1 ರಿಂದ 3 ನೇ ಮೇನ್ ಬೇರಿಂಗ್‌ಗಳ ಸಂದು ಹೊಸದರಲ್ಲಿ 0.04 ರಿಂದ 0.10 ಎಂಎಂ ಇರಬೇಕು. 0.18 ಎಂಎಂ ದಾಟಿದರೆ ಸವೆದುಹೋಗಿದೆ ಅಂತ ಅರ್ಥ. ಮ್ಯಾಗ್ನೀಸಿಯಂ ಮಿಶ್ರಲೋಹದ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಮುಖ್ಯ ಕವಚ) ವರ್ಷಗಟ್ಟಲೆ ಏಟು ತಿಂದು, ಮಧ್ಯದ ಬೇರಿಂಗ್ ಕೂರುವ ಜಾಗವೇ ಅಗಲವಾಗಿರುತ್ತದೆ. ಅಲ್ಲಿ ಹೊಸ ಬೇರಿಂಗ್ ಹಾಕಿದರೂ ಅದು ಅಲ್ಲಾಡುತ್ತಲೇ ಇರುತ್ತದೆ. ಇದನ್ನು ಸರಿಮಾಡದೆ ದೊಡ್ಡ ಪಂಪ್ ಹಾಕಿದರೆ ದೀಪ ಆರಿರುತ್ತದೆ, ಆದರೆ ಕ್ರ್ಯಾಂಕ್ ಒಳಗೆ ಕುಟ್ಟುತ್ತಲೇ ಇರುತ್ತದೆ. ರೋಗ ಹಾಗೇ ಇಟ್ಟುಕೊಂಡು ಜ್ವರ ಮಾತ್ರ ಇಳಿಸಿದ ಹಾಗೆ.

ಆ ದೀಪದ ಸ್ವಿಚ್ ಹೊತ್ತಿಕೊಳ್ಳುವುದು ಒತ್ತಡ 0.15 ರಿಂದ 0.45 ಬಾರ್‌ಗೆ ಇಳಿದಾಗ. ಅದು ತೀರಾ ಕಡಿಮೆ. ದೀಪ ಹತ್ತಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಎಲ್ಲಾ ಸರಿಯಿದೆ ಅಂದುಕೊಳ್ಳಬೇಡಿ. ತಯಾರಕರ ಲೆಕ್ಕದಲ್ಲಿ ಎಸ್‌ಎಇ 30 ದರ್ಜೆಯ ಎಣ್ಣೆ 70 ಡಿಗ್ರಿ ಸೆಲ್ಸಿಯಸ್ ಇರುವಾಗ, 2500 ಆರ್‌ಪಿಎಂನಲ್ಲಿ ಕನಿಷ್ಠ 2 ಬಾರ್ ಒತ್ತಡ ಇರಬೇಕು. ಜೋಡಿಸಿ ಮುಗಿದ ಮೇಲೆ ಸ್ವಿಚ್ ಇರುವ ತೂತಿಗೆ ಒಂದು ಗೇಜ್ ಹಾಕಿ ಈ ಅಂಕಿಯನ್ನೇ ನೋಡಿ.

ಈ ಎಂಜಿನ್‌ಗೆ ಎಣ್ಣೆಯ ಮೇಲೆ ಯಾಕೆ ಅಷ್ಟೊಂದು ಅವಲಂಬನೆ ಅಂತ ಒಮ್ಮೆ ಯೋಚಿಸಿ. ನೀರಿಲ್ಲ, ರೇಡಿಯೇಟರ್ ಇಲ್ಲ. ಬೇರಿಂಗ್, ಪಿಸ್ಟನ್ ತಳ, ವಾಲ್ವ್ ಸ್ಪ್ರಿಂಗ್, ಇವುಗಳ ಬಿಸಿಯನ್ನೆಲ್ಲ ಹೊತ್ತು ತರುವುದು ಎಣ್ಣೆಯೇ. ಇಷ್ಟೆಲ್ಲ ಮಾಡುವ ಎಣ್ಣೆ ಒಟ್ಟು ಇರುವುದು 2.5 ಲೀಟರ್ ಮಾತ್ರ. ಮೂಲದಲ್ಲಿ ಇದಕ್ಕೆ ಕಾಗದದ ಫಿಲ್ಟರ್ ಕೂಡ ಇರಲಿಲ್ಲ, ತಳದಲ್ಲಿ ಒಂದು ಜಾಲರಿ ಇತ್ತು ಅಷ್ಟೇ. ಅಷ್ಟು ಕಡಿಮೆ ಎಣ್ಣೆ ಅಷ್ಟು ಕೆಲಸ ಮಾಡಬೇಕಾದಾಗ ಜಾಸ್ತಿ ಹರಿಸುವ ಪಂಪ್ ಒಳ್ಳೆಯದು ಅಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಈಗ ಗೇರ್ ಅಗಲದ ಮಾತು. 26, 30 ಅಂತ ಹೇಳುವುದು ಪಂಪ್ ಒಳಗಿನ ಗೇರ್‌ಗಳ ಅಗಲ. ಎರಡು ಗೇರ್ ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಎಣ್ಣೆ ಇವೆರಡರ ನಡುವೆ ಹಾದುಹೋಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಲ್ಲುಗಳ ನಡುವಿನ ಕುಳಿಗಳಲ್ಲಿ ತುಂಬಿಕೊಂಡು, ಬಾಡಿಯ ಗೋಡೆಗುಂಟ ಹೊರಗಿನಿಂದ ಸುತ್ತಿ ಆಚೆ ಬದಿಗೆ ಹೋಗುತ್ತದೆ. ನಡುವೆ ಹಲ್ಲುಗಳು ಕಚ್ಚಿಕೊಂಡಿರುವುದರಿಂದ ವಾಪಸ್ ಬರಲು ದಾರಿ ಇರುವುದಿಲ್ಲ. ಗೇರ್ ಅಗಲವಾದಷ್ಟೂ ಕುಳಿ ದೊಡ್ಡದು, ಒಂದು ಸುತ್ತಿಗೆ ಹೋಗುವ ಎಣ್ಣೆ ಜಾಸ್ತಿ. ಲೆಕ್ಕ ನೇರ. 21 ಎಂಎಂಗಿಂತ 26 ಎಂಎಂ ಸುಮಾರು ಶೇ. 24 ಜಾಸ್ತಿ ತಳ್ಳುತ್ತದೆ. 26 ಕ್ಕಿಂತ 30 ಎಂಎಂ ಶೇ. 15 ಜಾಸ್ತಿ.

1960 ರ ದಶಕದ ಎಂಜಿನ್‌ಗಳಲ್ಲಿ ಗೇರ್ ಇನ್ನೂ ಕಿರಿದಾಗಿತ್ತು. ಆಮೇಲೆ 21 ಎಂಎಂ ಬಂತು, 1971 ರ ಮಾದರಿಯ ಹೊತ್ತಿಗೆ 26 ಎಂಎಂ ಬಂತು. ಅಂದರೆ ಎಂಜಿನ್ ದೊಡ್ಡದಾಗುತ್ತಾ, ಬಿಸಿ ಜಾಸ್ತಿಯಾಗುತ್ತಾ ಹೋದ ಹಾಗೆ ತಯಾರಕರೇ ಪಂಪ್ ದೊಡ್ಡದು ಮಾಡಿ, 1600 ಕ್ಕೆ 26 ಸಾಕು ಅಂತ ನಿಂತರು. 30, 32 ಎಲ್ಲ ಹೊರಗಿನವರು ರೇಸ್ ಎಂಜಿನ್‌ಗಳಿಗೆ, ಉದ್ದದ ಪೈಪ್ ಮತ್ತು ಹೆಚ್ಚುವರಿ ಕೂಲರ್ ಇರುವ ಗಾಡಿಗಳಿಗೆ ಅಂತ ಮಾಡಿದ್ದು. ನಿಮ್ಮ ಎಂಜಿನ್‌ನಲ್ಲಿ ಅವೆರಡೂ ಇಲ್ಲ.

ಜಾಸ್ತಿ ತಳ್ಳಿದರೆ ನಷ್ಟ ಏನು ಅಂತ ಕೇಳಬಹುದು. ನಾನೇ ಅನುಭವಿಸಿದ್ದನ್ನು ಹೇಳುತ್ತೇನೆ. ನಾನು ಮೊದಮೊದಲು ಜೋಡಿಸಿದ ಎಂಜಿನ್‌ಗಳಲ್ಲಿ ಒಂದಕ್ಕೆ 30 ಎಂಎಂ ಪಂಪ್ ಹಾಕಿ, ಪಂಪ್ ಮುಚ್ಚಳದಿಂದ ಪೈಪ್ ಎಳೆದು ಹೊರಗೆ ಫಿಲ್ಟರ್ ಕೂರಿಸಿದ್ದೆ. ಎಣ್ಣೆ 20ಡಬ್ಲ್ಯೂ-50, ಗಟ್ಟಿ. ಒಂದು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಒಂದು ನಿಮಿಷವೂ ಬಿಡದೆ ಆಕ್ಸಿಲರೇಟರ್ ಒತ್ತಿದೆ. ಫಿಲ್ಟರ್‌ನ ರಬ್ಬರ್ ಸೀಲ್ ಪಕ್ಕಕ್ಕೆ ಕಿತ್ತು ಬಂತು. ದೀಪ ಹತ್ತಿದ್ದನ್ನು ನೋಡಿ ಕೀ ತಿರುಗಿಸುವಷ್ಟರಲ್ಲಿ ಎಣ್ಣೆಯಲ್ಲಿ ಬಹುಪಾಲು ನೆಲದ ಮೇಲಿತ್ತು. ಒಂದು ಬೇರಿಂಗ್ ಜೋಡಿ ಹೋಯಿತು. ಫಿಲ್ಟರ್‌ನದ್ದಾಗಲಿ ಪಂಪ್‌ನದ್ದಾಗಲಿ ತಪ್ಪೇನೂ ಇರಲಿಲ್ಲ. ಜೋಡಿ ಮಾಡಿದ ರೀತಿ ತಪ್ಪಾಗಿತ್ತು, ಅದು ನನ್ನದು.

ಯಾಕೆ ಹಾಗಾಯಿತು ಅಂದರೆ, ಈ ಎಂಜಿನ್‌ನಲ್ಲಿ ಒತ್ತಡ ಬಿಡುವ ವಾಲ್ವ್ ಪಂಪ್‌ನಲ್ಲಿ ಇಲ್ಲ, ಕ್ರ್ಯಾಂಕ್‌ಕೇಸ್‌ನಲ್ಲಿದೆ. ಮುಚ್ಚಳದಿಂದಲೇ ಎಣ್ಣೆಯನ್ನು ಹೊರಗೆ ಕಳಿಸಿದಾಗ ಪೈಪ್ ಮತ್ತು ಫಿಲ್ಟರ್ ಆ ವಾಲ್ವ್‌ಗಿಂತ ಮುಂಚೆ ಬರುತ್ತವೆ. ಗಟ್ಟಿ ಎಣ್ಣೆಯನ್ನು ದೊಡ್ಡ ಪಂಪ್ ತಳ್ಳುವಾಗ ಹುಟ್ಟುವ ಪೂರ್ತಿ ಒತ್ತಡ ಅವುಗಳ ಮೇಲೇ ಬೀಳುತ್ತದೆ. ವಾಲ್ವ್ ತನ್ನ ಕೆಲಸ ಮಾಡುತ್ತಿದ್ದರೂ ಅದರ ಲಾಭ ಫಿಲ್ಟರ್‌ಗೆ ಸಿಗುವುದಿಲ್ಲ. ಫಿಲ್ಟರ್ ಹಾಕದೇ ಇದ್ದರೂ ಅತಿ ದೊಡ್ಡ ಪಂಪ್‌ನ ಹೊಡೆತ ಆಯಿಲ್ ಕೂಲರ್‌ಗೆ, ಅದರ ಕೆಳಗಿನ ಎರಡು ರಬ್ಬರ್ ಸೀಲ್‌ಗಳಿಗೆ ಬೀಳುತ್ತದೆ. ಕೂಲರ್ ಕೂತಿರುವುದು ಫ್ಯಾನ್‌ನ ತಗಡಿನ ಒಳಗೆ. ಅಲ್ಲಿ ಸೋರಿದರೆ ಎಣ್ಣೆ ಸಿಲಿಂಡರ್‌ಗಳ ಮೇಲೆಲ್ಲ ಹರಡಿ, ಫಿನ್‌ಗಳಿಗೆ ಧೂಳು ಅಂಟಿ, ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ತಂಪು ಮಾಡಲಿ ಅಂತ ಹಾಕಿದ ಪಂಪ್‌ನಿಂದಲೇ ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಜೊತೆಗೆ, ಬೇಕಾದದ್ದಕ್ಕಿಂತ ಜಾಸ್ತಿ ತಳ್ಳಿದ ಎಣ್ಣೆ ಸುಮ್ನೆ ವಾಲ್ವ್ ಮೂಲಕ ವಾಪಸ್ ತಳಕ್ಕೆ ಬೀಳುತ್ತದೆ. ತಳ್ಳಲು ಖರ್ಚಾದ ಶಕ್ತಿ ಎಣ್ಣೆಯನ್ನೇ ಬಿಸಿ ಮಾಡುತ್ತದೆ.

ಇಲ್ಲಿಂದ ನಿಮ್ಮ ಕ್ರ್ಯಾಂಕ್‌ಕೇಸ್ ಕಡೆ ಬರೋಣ. ಅದನ್ನು ಮಗುಚಿ ತಳ ನೋಡಿ. ಪುಲ್ಲಿ ಇರುವ ತುದಿಯ ಹತ್ತಿರ ದೊಡ್ಡ ಸ್ಕ್ರೂಡ್ರೈವರ್ ಹಾಕಿ ಬಿಚ್ಚುವ ಒಂದು ಪ್ಲಗ್ ಇರುತ್ತದೆ. ಫ್ಲೈವೀಲ್ ತುದಿಯ ಹತ್ತಿರವೂ ಅಂಥದ್ದೇ ಇನ್ನೊಂದು ಇದ್ದರೆ ನಿಮ್ಮದು ಎರಡು ರಿಲೀಫ್ ವಾಲ್ವ್ (ಒತ್ತಡ ಬಿಡುವ ವಾಲ್ವ್) ಇರುವ ಕೇಸ್. 1970 ರ ಮಾದರಿಯಿಂದ ಅವು ಬಂದವು, ಒಳಗಿನ ಎಣ್ಣೆ ದಾರಿಗಳೂ ಅಗಲವಾದವು. ಒಂದೇ ಪ್ಲಗ್ ಇದ್ದರೆ ಅದಕ್ಕಿಂತ ಹಳೆಯದು. ಪುಲ್ಲಿ ಬದಿಯ ವಾಲ್ವ್‌ನ ಕೆಲಸ ತಣ್ಣಗಿರುವಾಗ. ಗಟ್ಟಿ ಎಣ್ಣೆ ವಾಲ್ವ್ ಒಳಗೆ ಜಾರುವ ಪ್ಲಂಜರನ್ನು ಕೆಳಕ್ಕೆ ತಳ್ಳಿ, ಕೂಲರ್‌ಗೆ ಹೋಗದೆ ನೇರ ಬೇರಿಂಗ್‌ಗಳಿಗೆ ಹೋಗುತ್ತದೆ, ಮಿಕ್ಕಿದ್ದು ತಳಕ್ಕೆ ಬೀಳುತ್ತದೆ. ಬಿಸಿಯಾಗಿ ಎಣ್ಣೆ ತೆಳುವಾದ ಮೇಲೆ ಪ್ಲಂಜರ್ ಮೇಲೇರಿ, ಎಲ್ಲಾ ಎಣ್ಣೆ ಕೂಲರ್ ಮೂಲಕವೇ ಹಾಯುವ ಹಾಗೆ ಮಾಡುತ್ತದೆ. ಫ್ಲೈವೀಲ್ ಬದಿಯದ್ದು ಬೇರಿಂಗ್‌ಗಳಿಗೆ ಹೋಗುವ ಒತ್ತಡ ಮಿತಿ ಮೀರದ ಹಾಗೆ ನೋಡಿಕೊಳ್ಳುತ್ತದೆ.

ಒಂದೇ ವಾಲ್ವ್ ಇರುವ, ಕಿರಿದಾದ ದಾರಿಗಳ ಹಳೆಯ ಕೇಸ್‌ಗೆ 30 ಎಂಎಂ ಪಂಪ್ ಹಾಕುವುದು ನನ್ನ ಪ್ರಕಾರ ಖಂಡಿತ ಬೇಡ. ಅಂಥದ್ದಕ್ಕೆ 21 ಸಾಕು, 26 ಕೊನೆಯ ಮಿತಿ. ಎರಡು ವಾಲ್ವ್ ಇದ್ದರೆ 26 ನಿಶ್ಚಿಂತೆಯಿಂದ ಹಾಕಿ. ಯಾವುದಾದರೂ ಸರಿ, ಪ್ಲಂಜರ್‌ಗಳನ್ನು ತೆಗೆದು ನೋಡಲೇಬೇಕು. ಮೈಮೇಲೆ ಗೀರು ಬಿದ್ದಿದ್ದರೆ, ಅಥವಾ ತೂತಿನಲ್ಲಿ ಅದು ತನ್ನ ಭಾರಕ್ಕೇ ಜಾರಿ ಬೀಳದಿದ್ದರೆ, ಅದು ಎಂದಾದರೂ ಸಿಕ್ಕಿಕೊಳ್ಳುತ್ತದೆ. ತೆರೆದೇ ಸಿಕ್ಕಿಕೊಂಡರೆ ಬಿಸಿ ಐಡ್ಲಿಂಗ್‌ನಲ್ಲಿ ದೀಪ ಮಿಣುಕುತ್ತದೆ. ನಿಮ್ಮದೂ ಇದೇ ಆಗಿತ್ತೋ ಏನೋ, ಪಂಪ್ ಮೇಲೆ ಅನುಮಾನ ಪಡುವ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ. ಎರಡು ವಾಲ್ವ್‌ಗಳ ಸ್ಪ್ರಿಂಗ್‌ಗಳೂ ಬೇರೆ ಬೇರೆ ಉದ್ದ, ಅದಲು ಬದಲು ಆಗದ ಹಾಗೆ ಗುರುತು ಮಾಡಿಟ್ಟುಕೊಳ್ಳಿ.

ಇನ್ನು ಕ್ಯಾಮ್. ಪಂಪ್ ಕೊಳ್ಳುವವರು ಎಡವುವುದು ಜಾಸ್ತಿ ಇಲ್ಲಿಯೇ. ಈ ಎಂಜಿನ್‌ನಲ್ಲಿ ಪಂಪ್ ತಿರುಗಿಸುವುದು ಕ್ಯಾಮ್‌ಶಾಫ್ಟ್‌ನ ತುದಿ. ಅಲ್ಲಿ ಒಂದು ಸೀಳು ಇರುತ್ತದೆ, ಪಂಪ್ ಶಾಫ್ಟ್‌ನ ಚಪ್ಪಟೆ ನಾಲಿಗೆ ಆ ಸೀಳಿನಲ್ಲಿ ಕೂರುತ್ತದೆ. ಕ್ಯಾಮ್ ಗೇರ್ ಎರಡು ಥರ ಇದೆ. ಹಳೆಯದು ಚಪ್ಪಟೆ, ಮೂರು ರಿವೆಟ್‌ಗಳದ್ದು. 1971 ರ ಮಾದರಿಯಿಂದ ಬಂದದ್ದು ತಟ್ಟೆಯ ಹಾಗೆ ಒಳಕ್ಕೆ ತಗ್ಗಿರುವ, ನಾಲ್ಕು ರಿವೆಟ್‌ಗಳದ್ದು. ತಗ್ಗು ಇರುವ ಗೇರ್‌ಗೆ ಮಾಡಿದ ಪಂಪ್ ಕೇಸ್ ಒಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಅದನ್ನು ತಂದು ಚಪ್ಪಟೆ ಗೇರ್ ಮುಂದೆ ಹಾಕಿದರೆ ಪಂಪ್ ಹಿಂಭಾಗ ಕ್ಯಾಮ್ ಗೇರ್‌ಗೆ ತಾಗುತ್ತದೆ. ತಿರುವುಮುರುವಾಗಿ, ಅಂದರೆ ಚಪ್ಪಟೆ ಗೇರ್‌ನ ಪಂಪನ್ನು ತಗ್ಗು ಇರುವ ಗೇರ್‌ಗೆ ಹಾಕಿದರೆ ಇನ್ನೂ ಅಪಾಯ. ನಾಲಿಗೆ ಸೀಳಿನ ಅಂಚಿಗೆ ಮಾತ್ರ ಸಿಕ್ಕಿಕೊಂಡು ಸ್ವಲ್ಪ ದಿನ ಓಡುತ್ತದೆ, ಆಮೇಲೆ ಸವೆದು ಜಾರುತ್ತದೆ. ಪಂಪ್ ನಿಂತರೆ ಎಂಜಿನ್ ನಿಂತ ಹಾಗೆಯೇ.

ನಿಮ್ಮ ಹೊಸ ಕ್ಯಾಮ್‌ಗೆ ಬೋಲ್ಟ್ ಹಾಕುವ ಗೇರ್ ಅಂದಿರಿ. ಅಂಥವು ಸಾಮಾನ್ಯವಾಗಿ ಚಪ್ಪಟೆ ಥರದವು. ಹಾಗಾಗಿ ನಿಮ್ಮ ಎಂಜಿನ್ ಯಾವ ವರ್ಷದ್ದೇ ಇರಲಿ, ಹಳೆಯ ಪಂಪ್ ಯಾವ ಥರದ್ದೇ ಇರಲಿ, ಈಗ ಬೇಕಾಗುವುದು ಬಹುಶಃ ಚಪ್ಪಟೆ ಕ್ಯಾಮ್‌ನ ಪಂಪ್. ಹಳೆಯ ಪಂಪ್ ತೋರಿಸಿ ಇಂಥದ್ದೇ ಕೊಡಿ ಅಂತ ಕೇಳಿದರೆ ತಪ್ಪುವ ಸಾಧ್ಯತೆ ಇರುವುದು ಇದಕ್ಕೇ. ಗೇರ್ ಕೈಯಲ್ಲಿ ಹಿಡಿದು ಕಣ್ಣಾರೆ ನೋಡಿ ತೀರ್ಮಾನಿಸಿ.

ಆಮೇಲೂ ಒಂದು ಪರೀಕ್ಷೆ ಬಾಕಿ ಇದೆ. ಬೋಲ್ಟ್ ತಲೆಗಳು ಗೇರ್‌ನಿಂದ ಸ್ವಲ್ಪ ಹೊರಗೆ ಚಾಚಿರುತ್ತವೆ. ಕೇಸ್‌ನ ಒಂದು ಅರ್ಧದಲ್ಲಿ ಕ್ಯಾಮ್ ಮಲಗಿಸಿ, ಪಂಪನ್ನು ಅದರ ಜಾಗದಲ್ಲಿ ಗ್ಯಾಸ್ಕೆಟ್ ಸಮೇತ ಇಟ್ಟು, ಬೋಲ್ಟ್ ತಲೆಗಳ ಮೇಲೆ ಮೆತ್ತನೆ ಜೇಡಿಯಂಥದ್ದು ಅಂಟಿಸಿ ನಿಧಾನ ಒಂದು ಸುತ್ತು ತಿರುಗಿಸಿ. ತೆಗೆದು ನೋಡಿದರೆ ಜೇಡಿಯ ದಪ್ಪ ನಿಮಗೆ ಎಷ್ಟು ಜಾಗ ಇದೆ ಅಂತ ಹೇಳುತ್ತದೆ. ಒಂದು ಎಂಎಂ ಉಳಿದಿದ್ದರೆ ನೆಮ್ಮದಿ. ತಾಗಿದ ಗುರುತು ಕಂಡರೆ ಪಂಪ್ ಬಾಡಿಯ ಹಿಂಭಾಗದಲ್ಲಿ ಅಷ್ಟು ಜಾಗವನ್ನು ಮಾತ್ರ ಅರದಿಂದ ಉಜ್ಜಿ, ಚೆನ್ನಾಗಿ ತೊಳೆದು ಮತ್ತೆ ನೋಡಿ. ಹಾಗೆಯೇ ನಾಲಿಗೆ ಸೀಳಿನೊಳಗೆ ಎಷ್ಟು ಆಳ ಕೂತಿದೆ ಅಂತಲೂ ಆಗಲೇ ಕಣ್ಣಿಗೆ ಕಾಣುತ್ತದೆ. ಕೇಸ್ ಮುಚ್ಚಿದ ಮೇಲೆ ಇದನ್ನು ಇಷ್ಟು ಸುಲಭವಾಗಿ ನೋಡಲು ಆಗುವುದಿಲ್ಲ.

ಸ್ಟಡ್‌ಗಳ ವಿಷಯ ಚಿಕ್ಕದು. ಹಳೆಯ ಕೇಸ್‌ಗಳಲ್ಲಿ ಪಂಪ್ ಹಿಡಿಯುವ ಸ್ಟಡ್ 6 ಎಂಎಂ, ಆಮೇಲಿನವುಗಳಲ್ಲಿ 8 ಎಂಎಂ. ಪಂಪ್, ಮುಚ್ಚಳ, ಎರಡೂ ಗ್ಯಾಸ್ಕೆಟ್‌ಗಳು ಒಂದೇ ಅಳತೆಯವಾಗಿರಲಿ. ಕೊಳ್ಳುವಾಗ ಕ್ಯಾಮ್ ಥರ, ಗೇರ್ ಅಗಲ, ಸ್ಟಡ್ ಅಳತೆ, ಮೂರನ್ನೂ ಒಟ್ಟಿಗೆ ಹೇಳಿ. ಹಳೆಯ ಪಂಪ್‌ಗಳ ರಾಶಿಯಲ್ಲಿ ಹುಡುಕುವವರಾದರೆ ಇನ್ನೊಂದು ಎಚ್ಚರ ಬೇಕು. ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಸ್ಟಿಕ್‌ಶಿಫ್ಟ್ ಬೀಟಲ್‌ಗಳ ಪಂಪ್ ಜೋಡಿ ಪಂಪ್. ಟಾರ್ಕ್ ಕನ್ವರ್ಟರ್‌ಗೆ ಎಣ್ಣೆ ಕಳಿಸುವ ಎರಡನೇ ಭಾಗ ಅದಕ್ಕೆ ಅಂಟಿರುತ್ತದೆ. ದೊಡ್ಡದಾಗಿ ಕಾಣುತ್ತದೆ, ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ, ಪಂಪ್ ಒಳಗಿನ ಸಂದು. ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಎಂಜಿನ್ 800 ಆರ್‌ಪಿಎಂನಲ್ಲಿ ಐಡ್ಲಿಂಗ್ ಆಗುವಾಗ ಪಂಪ್ ನಿಮಿಷಕ್ಕೆ 400 ಸುತ್ತು ಮಾತ್ರ. ಆಗ ತಳ್ಳುವುದೇ ಕಡಿಮೆ, ಎಣ್ಣೆಯೂ ಬಿಸಿಯಾಗಿ ನೀರಿನ ಹಾಗೆ ತೆಳುವಾಗಿರುತ್ತದೆ. ಆ ಕಡಿಮೆಯಲ್ಲೂ ಒಂದು ಪಾಲು ಗೇರ್‌ಗಳ ಮುಖ ಮತ್ತು ಮುಚ್ಚಳದ ನಡುವಿನ ಸಂದಿನಿಂದ ವಾಪಸ್ ಹೀರುವ ಬದಿಗೇ ಸೋರುತ್ತದೆ. ವೇಗದಲ್ಲಿ ಓಡುವಾಗ ಈ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಬಿಸಿ ಐಡ್ಲಿಂಗ್‌ನಲ್ಲಿ ಅದೇ ದೊಡ್ಡ ಪಾಲಾಗುತ್ತದೆ. ನಿಮ್ಮ ದೀಪ ಮಿಣುಕುತ್ತಿದ್ದುದೂ ಅಲ್ಲಿಯೇ ಅಲ್ವಾ?

ಇಂಥ ತೆಳು ಸಂದಿನಲ್ಲಿ ಸೋರಿಕೆ ಸಂದಿನ ಘನದ ಲೆಕ್ಕದಲ್ಲಿ ಏರುತ್ತದೆ. ಸಂದು 0.05 ಎಂಎಂ ಇದ್ದದ್ದು 0.10 ಎಂಎಂ ಆದರೆ, ಅದೇ ಒತ್ತಡ ಅದೇ ಎಣ್ಣೆಗೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಗೇರ್ ಅಗಲ ಶೇ. 15 ಹೆಚ್ಚಿಸಿ ಗಳಿಸುವುದನ್ನು ಕೂದಲೆಳೆಯಷ್ಟು ಸಡಿಲ ನುಂಗಿಬಿಡಬಹುದು. 26 ಸಾಕು ಅಂತ ನಾನು ಧೈರ್ಯವಾಗಿ ಹೇಳುವುದು ಈ ಕಾರಣಕ್ಕೆ.

ತಯಾರಕರ ಮಿತಿ, ಗ್ಯಾಸ್ಕೆಟ್ ಇಲ್ಲದೆ ಅಳೆದಾಗ 0.10 ಎಂಎಂ ಮೀರಬಾರದು ಅಂತ. ನಾನು ಅದಕ್ಕಿಂತ ಬಿಗಿ ಬಯಸುತ್ತೇನೆ. ಗ್ಯಾಸ್ಕೆಟ್ ಅದುಮಿದ ಮೇಲೆ ಅದರ ದಪ್ಪವೂ ಸಂದಿಗೆ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ. ಗ್ಯಾಸ್ಕೆಟ್ ಸೇರಿ ಒಟ್ಟು 0.05 ರಿಂದ 0.08 ಎಂಎಂ ಒಳಗೆ ಬಂದರೆ ನನಗೆ ತೃಪ್ತಿ. ಅಳೆಯುವುದು ಸುಲಭ. ಗೇರ್‌ಗಳನ್ನು ಒಳಗಿಟ್ಟು, ಬಾಡಿಯ ಮುಖದ ಮೇಲೆ ಒಂದು ನೇರ ಪಟ್ಟಿ ಅಡ್ಡ ಇಟ್ಟು, ಪಟ್ಟಿಗೂ ಗೇರ್‌ಗೂ ನಡುವೆ ಫೀಲರ್ ಗೇಜ್ ತೂರಿಸಿ. ಸಂದು ಜಾಸ್ತಿ ಇದ್ದರೆ ಒಂದು ದಪ್ಪ ಗಾಜಿನ ಮೇಲೆ ನಯವಾದ ನೀರಿನ ಎಮರಿ ಕಾಗದ ಹರಡಿ, ಗೇರ್ ಮತ್ತು ಅದರ ಪಿನ್ ಹೊರಗೆ ತೆಗೆದು, ಬಾಡಿಯ ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿ. ನಾಲ್ಕು ಸಲ ಉಜ್ಜಿ, ಒಮ್ಮೆ ಅಳೆಯಿರಿ. ಅವಸರ ಮಾಡಿದರೆ ಗೇರ್ ಬಾಡಿಗಿಂತ ಮೇಲೆ ಬಂದುಬಿಡುತ್ತದೆ, ಮುಚ್ಚಳ ಬಿಗಿ ಮಾಡಿದಾಗ ಪಂಪ್ ತಿರುಗುವುದೇ ಇಲ್ಲ. ಮುಗಿದ ಮೇಲೆ ಒಂದು ಕಣ ಪುಡಿಯೂ ಉಳಿಯದ ಹಾಗೆ ತೊಳೆಯಬೇಕು. ಎಮರಿ ಪುಡಿ ಬೇರಿಂಗ್‌ಗೆ ವಿಷ.

ಮುಚ್ಚಳದ ಒಳಮುಖ ನೋಡಿ. ಹಳೆಯದರಲ್ಲಿ ಗೇರ್‌ಗಳು ಕೊರೆದ ಎರಡು ವೃತ್ತಗಳು ಉಗುರಿಗೆ ಸಿಗುತ್ತವೆ. ಅದು ಸಂದಿಗೆ ಸೇರಿದ ಹಾಗೆಯೇ. ಅದೇ ಗಾಜಿನ ಮೇಲೆ ಸಮ ಮಾಡಿ, ಇಲ್ಲವೇ ಹೊಸ ಉಕ್ಕಿನ ಮುಚ್ಚಳ ಹಾಕಿ. ಪಿನ್ ಕೂಡ ಬೆರಳಿಂದ ಒತ್ತಿ ನೋಡಿ. ಕೆಳಗಿನ ಗೇರ್ ತಿರುಗುವ ಆ ಪಿನ್ ಬಾಡಿಯಲ್ಲಿ ಬಿಗಿಯಾಗಿ ಕೂತಿರಬೇಕು. ಕೈಯಿಂದ ಸರಿಯುವಂತಿದ್ದರೆ ಆ ಬಾಡಿ ಕೆಲಸಕ್ಕೆ ಬಾರದು. ಗೇರ್ ಹಲ್ಲುಗಳ ನಡುವಿನ ಆಟ 0.03 ರಿಂದ 0.08 ಎಂಎಂ ಇರಲಿ.

ನಿಮ್ಮ ಹಳೆಯ ಪಂಪ್ ಈ ಅಳತೆಗಳೆಲ್ಲದರಲ್ಲೂ ಪಾಸಾಗಿ, ಕ್ಯಾಮ್‌ಗೂ ಹೊಂದಿದರೆ ಅದನ್ನೇ ಹಾಕಿ, ಸಂಕೋಚ ಬೇಡ. ಆದರೆ ಬಾಡಿಯ ಒಳಗೋಡೆಯಲ್ಲಿ ಗೀರುಗಳಿದ್ದರೆ ಆಸೆ ಬಿಟ್ಟುಬಿಡಿ. ಮುಖವನ್ನು ಉಜ್ಜಿ ಸರಿಮಾಡಬಹುದು, ಗೋಡೆಯನ್ನು ಆಗುವುದಿಲ್ಲ.

ಬಾಡಿಯ ಲೋಹದ ಬಗ್ಗೆ ಒಂದು ಮಾತು. ಎರಕದ ಕಬ್ಬಿಣದ ಪಂಪ್‌ಗಳೂ ಸಿಗುತ್ತವೆ. ಗಟ್ಟಿಮುಟ್ಟು, ಒಳಗೆ ಸವೆಯುವುದು ಕಡಿಮೆ. ಆದರೆ ಮ್ಯಾಗ್ನೀಸಿಯಂ ಕೇಸ್ ಬಿಸಿಗೆ ಹಿಗ್ಗುವಷ್ಟು ಕಬ್ಬಿಣ ಹಿಗ್ಗುವುದಿಲ್ಲ, ಅರ್ಧಕ್ಕಿಂತಲೂ ಕಡಿಮೆ. ಪಂಪ್ ಕೂರುವ ತೂತು 70 ಎಂಎಂ ಅಂತ ಇಟ್ಟುಕೊಂಡು, ತಾಪ 80 ಡಿಗ್ರಿ ಏರಿದರೆ ತೂತು ಸುಮಾರು 0.15 ಎಂಎಂ ಹಿಗ್ಗುತ್ತದೆ. ಅಲ್ಯೂಮಿನಿಯಂ ಬಾಡಿ 0.13 ಹಿಗ್ಗಿ ಹತ್ತಿರದಲ್ಲೇ ಇರುತ್ತದೆ. ಕಬ್ಬಿಣದ್ದು 0.06 ಕ್ಕೆ ನಿಲ್ಲುತ್ತದೆ. ಎಣ್ಣೆ ಒಳಬರುವ, ಹೊರಹೋಗುವ ತೂತುಗಳು ಬಾಡಿಯ ಬದಿಯಲ್ಲೇ ಇರುವುದರಿಂದ ಅಲ್ಲಿ ಸಡಿಲವಾದರೆ ಒತ್ತಡದ ಎಣ್ಣೆ ಬಾಡಿಯ ಸುತ್ತ ನುಸುಳಿ ಹೀರುವ ಬದಿಗೆ ಹೋಗುತ್ತದೆ. ತಣ್ಣಗಿರುವಾಗ ತುಂಬಾ ಬಿಗಿಯಾಗಿ ಕೂರುವ ಕಬ್ಬಿಣದ ಪಂಪ್ ಆದರೆ ನಡೆಯುತ್ತದೆ. ಕೈಯಿಂದ ಸಲೀಸಾಗಿ ಒಳಗೆ ಜಾರಿದರೆ ಬೇಡ. ಅಲ್ಯೂಮಿನಿಯಂಗೂ ಇದೇ ಪರೀಕ್ಷೆ. ಒಳ್ಳೆಯ ಕೇಸ್‌ಗೆ ಒಳ್ಳೆಯ ಪಂಪ್ ಸ್ವಲ್ಪ ಹಟ ಮಾಡಿಯೇ ಹೋಗಬೇಕು.

ಹೀರುವ ಕೊಳವೆಯನ್ನೂ ಈಗಲೇ ಅಲ್ಲಾಡಿಸಿ ನೋಡಿ. ಜಾಲರಿಯಿಂದ ಪಂಪ್‌ವರೆಗೆ ಎಣ್ಣೆ ತರುವ ಆ ಕೊಳವೆ ಕೇಸ್‌ಗೆ ಒತ್ತಿ ಕೂರಿಸಿದ್ದು. ವಯಸ್ಸಾದ ಮೇಲೆ ಬುಡದಲ್ಲಿ ಸಡಿಲವಾಗುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದಾಗ ಆ ಸಂದಿನಿಂದ ಪಂಪ್ ಗಾಳಿ ಎಳೆಯುತ್ತದೆ. ಅದಕ್ಕೆ ಎಷ್ಟು ದೊಡ್ಡ ಪಂಪ್ ಹಾಕಿದರೂ ಪ್ರಯೋಜನವಿಲ್ಲ. ಸಡಿಲ ಇದ್ದರೆ ಬುಡದ ಸುತ್ತ ಲೋಹವನ್ನು ಪಂಚ್‌ನಿಂದ ಹುಷಾರಾಗಿ ಅದುಮಿ ಬಿಗಿ ಮಾಡಿಸಿ.

ಫಿಲ್ಟರ್ ಹಾಕುವ ಆಸೆ ಒಳ್ಳೆಯದೇ, ಖಂಡಿತ ಹಾಕಿ. 2003 ರ ವರೆಗೆ ಮೆಕ್ಸಿಕೋದಲ್ಲಿ ತಯಾರಾದ ಕೊನೆಯ ಬೀಟಲ್‌ಗಳಲ್ಲಿ ತಯಾರಕರೇ ಪಂಪ್‌ಗೆ ಫಿಲ್ಟರ್ ಸೇರಿಸಿದ್ದರು. ನಿಮ್ಮ ಮುಂದೆ ಎರಡು ದಾರಿ ಇದೆ. ಮುಚ್ಚಳಕ್ಕೇ ಫಿಲ್ಟರ್ ತಿರುಗಿಸಿ ಹಾಕುವ ಪಂಪ್‌ಗಳಿವೆ. ಪೈಪ್ ಇಲ್ಲ, ಕೆಲಸ ಕಡಿಮೆ. ಆದರೆ ಫಿಲ್ಟರ್ ಸೈಲೆನ್ಸರ್ ಪಕ್ಕದಲ್ಲಿ, ನೆಲಕ್ಕೆ ಹತ್ತಿರವಾಗಿ ಕೂರುತ್ತದೆ. ಎರಡನೆಯದು, ಮುಚ್ಚಳದಿಂದ ಪೈಪ್‌ನಲ್ಲಿ ಹೊರಗೆ ಹೋಗಿ, ಫಿಲ್ಟರ್ ದಾಟಿ, ಕೇಸ್‌ನ ಮುಖ್ಯ ಎಣ್ಣೆ ದಾರಿಗೆ ತೂತು ಕೊರೆದು ಥ್ರೆಡ್ ಹಾಕಿದ ಜಾಗದಲ್ಲಿ ವಾಪಸ್ ಬರುವುದು. ಆಗ ಪಂಪ್‌ನ ಮಾಮೂಲಿ ಹೊರದಾರಿಯನ್ನು ಮುಚ್ಚಬೇಕಾಗುತ್ತದೆ, ಇಲ್ಲವಾದರೆ ಎಣ್ಣೆ ಫಿಲ್ಟರ್ ಕಡೆ ಹೋಗುವುದೇ ಇಲ್ಲ. ಕೇಸ್ ಬಿಚ್ಚಿರುವಾಗಲೇ ಕೊರೆಯುವುದು ಸರಿ, ಚೂರುಗಳನ್ನು ಪೂರ್ತಿ ತೊಳೆಯಬಹುದು. ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತೇನೆ. ಎಣ್ಣೆ ಮಾತ್ರ ತುಂಬಾ ಗಟ್ಟಿಯದ್ದು ಬೇಡ, ತಣ್ಣಗಿರುವಾಗ ಎಂಜಿನ್ ಎಳೆಯುವುದು ಬೇಡ. ಒತ್ತಡ ಬಿಡುವ ವಾಲ್ವ್ ಒಳಗೇ ಇರುವ ಮುಚ್ಚಳಗಳೂ ಇವೆ, ಪೈಪ್ ಹಾಕುವವರಿಗೆ ಅದು ಒಳ್ಳೆಯ ಆಸರೆ. ಮುಚ್ಚಳ ದಪ್ಪವಾದಷ್ಟೂ ಪುಲ್ಲಿಗೂ ತಗಡುಗಳಿಗೂ ಹತ್ತಿರವಾಗುತ್ತದೆ, ಅದನ್ನೂ ಜೋಡಿಸಿ ನೋಡಿಕೊಳ್ಳಿ.

ಕೂರಿಸುವಾಗ ಗೇರ್‌ಗಳ ನಡುವೆ ವ್ಯಾಸಲೀನ್ ತುಂಬಿ. ಒಣ ಪಂಪ್ ಮೊದಲ ಸುತ್ತುಗಳಲ್ಲಿ ಎಣ್ಣೆ ಎಳೆಯುವುದಿಲ್ಲ, ವ್ಯಾಸಲೀನ್ ಆ ಸಂದುಗಳನ್ನು ಮುಚ್ಚಿ ಎಳೆಯುವ ಹಾಗೆ ಮಾಡುತ್ತದೆ, ಆಮೇಲೆ ಎಣ್ಣೆಯಲ್ಲಿ ಕರಗುತ್ತದೆ. ಸಿಲಿಕೋನ್ ಸೀಲರ್ ಹತ್ತಿರಕ್ಕೂ ತರಬೇಡಿ. ಹಿಂಡಿ ಒಳಗೆ ಬಂದ ಒಂದು ಚೂರು ಎಣ್ಣೆ ದಾರಿಯನ್ನು ಮುಚ್ಚಬಲ್ಲದು. ಬಾಡಿಯನ್ನು ಒಳಗೆ ತಳ್ಳಿ, ನಟ್‌ಗಳನ್ನು ಇನ್ನೂ ಸಡಿಲ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಪಂಪ್ ಶಾಫ್ಟ್ ಕ್ಯಾಮ್ ಜೊತೆ ನೇರ ಸಾಲಿಗೆ ಬರುತ್ತದೆ. ಆಮೇಲೆ ಒಂದೊಂದೇ ನಟ್ ಅಡ್ಡಡ್ಡ ಬಿಗಿ ಮಾಡಿ, ನಡುನಡುವೆ ಕ್ರ್ಯಾಂಕ್ ಸಲೀಸಾಗಿ ತಿರುಗುತ್ತಿದೆಯಾ ಅಂತ ನೋಡುತ್ತಾ ಹೋಗಿ. ಎಲ್ಲಿ ಗಟ್ಟಿಯಾಯಿತೋ ಅಲ್ಲೇ ನಿಲ್ಲಿಸಿ, ಬಿಚ್ಚಿ ಕಾರಣ ಹುಡುಕಿ.

ಕೊನೆಯದಾಗಿ ಸ್ಟಾರ್ಟ್ ಮಾಡುವ ದಿನದ ಮಾತು. ಹೊಸ ಕ್ಯಾಮ್ ಹಾಕಿದ್ದೀರಿ. ಅದು ತನ್ನ ಮೇಲೆ ಉಜ್ಜಿ ಓಡುವ ಟ್ಯಾಪೆಟ್‌ಗಳ ಜೊತೆ ಹೊಂದಿಕೊಳ್ಳಬೇಕಾದರೆ ಎಂಜಿನ್ ಶುರುವಾದ ಕೂಡಲೇ ಸುಮಾರು 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಬೇಕು. ಐಡ್ಲಿಂಗ್‌ನಲ್ಲಿ ಬಿಟ್ಟು ಒತ್ತಡ ಬಂತೋ ಇಲ್ಲವೋ ಅಂತ ಕಾದು ನೋಡುವ ಅವಕಾಶ ನಿಮಗಿಲ್ಲ. ಅದಕ್ಕೇ ಮುಂಚೆಯೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್‌ನ ತಂತಿ ಕಳಚಿ, ಸ್ಟಾರ್ಟರ್‌ನಿಂದ ಹತ್ತು ಹದಿನೈದು ಸೆಕೆಂಡಿನ ಕಂತುಗಳಲ್ಲಿ ತಿರುಗಿಸಿ, ನಡುವೆ ಸ್ಟಾರ್ಟರ್ ತಣ್ಣಗಾಗಲು ಬಿಡಿ. ಹೊರಗಿನ ಫಿಲ್ಟರ್‌ಗೆ ಮೊದಲೇ ಎಣ್ಣೆ ತುಂಬಿಟ್ಟಿರಿ. ಗೇಜ್‌ನ ಮುಳ್ಳು ಏಳಬೇಕು, ದೀಪ ಆರಬೇಕು. ನಾಲ್ಕೈದು ಕಂತು ತಿರುಗಿಸಿದರೂ ಮುಳ್ಳು ಅಲ್ಲಾಡದಿದ್ದರೆ ಪ್ಲಗ್‌ಗಳನ್ನು ವಾಪಸ್ ಹಾಕಬೇಡಿ. ಪಂಪ್ ಮುಚ್ಚಳ ಬಿಚ್ಚಿ, ನಾಲಿಗೆ ಸೀಳಿನಲ್ಲಿ ಕೂತಿದೆಯಾ ಅಂತ ಮೊದಲು ನೋಡಿ.